ಬಾಯಿಮಾತಿಗೂ ಒಪ್ಪಿಗೆ ಬೇಕು

(ಸಂಘದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘದ ಹುಟ್ಟುಹಬ್ಬಕ್ಕೆ ವೈದ್ಯರನ್ನು ಮಾತಿಗೆ ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲುಗಳ ಬಗ್ಗೆ ಉಪದೇಶ ಬರುವುದು ವಾಡಿಕೆ. ಅದೂ ಹೋಳಿಗೆ ಊಟಕ್ಕೆ ಅರ್ಧ ಗಂಟೆ ಮುಂಚೆ. ಈ ಸಲ ಸಮಿತಿಯವರು ದೊಡ್ಡ ಮನಸ್ಸು ಮಾಡಿ ನಿಮ್ಮನ್ನೂ ನಮ್ಮನ್ನೂ ಆ ಸಂಕಟದಿಂದ ಪಾರು ಮಾಡಿದ್ದಾರೆ. ಅವರು ಕೊಟ್ಟಿರುವ ವಿಷಯ ವ್ಯಾಪಾರಕ್ಕೆ ಸಂಬಂಧಿಸಿದ್ದು. ವೈದ್ಯರಿಗೂ ವ್ಯಾಪಾರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮ ಬಿಲ್ಲು ನೋಡಿದವರು ಮಾತ್ರ ಕೇಳಲಾರರು!

ಈ ವಿಷಯ ಎತ್ತಿಕೊಳ್ಳಲು ಎರಡು ಕಾರಣಗಳಿವೆ. ನಮ್ಮ ಸದಸ್ಯರಲ್ಲಿ ಚಟ್ನಿಪುಡಿ, ಸಾರಿನಪುಡಿ ಮಾಡಿ ಮಾರುವವರಿದ್ದಾರೆ, ಸೀರೆ ತರಿಸುವವರಿದ್ದಾರೆ, ಭರತನಾಟ್ಯದ ಶಾಲೆ ನಡೆಸುವವರಿದ್ದಾರೆ, ಹೋಟೆಲಿನವರಿದ್ದಾರೆ, ಹಲ್ಲಿನ ಡಾಕ್ಟರರಿದ್ದಾರೆ. ಗ್ರಾಹಕರ ಫೋಟೋ, ವೀಡಿಯೋ, ಮೆಚ್ಚುಗೆಯ ಮಾತುಗಳನ್ನು ಒದಗಿಸಿಕೊಡುತ್ತೇವೆ ಎನ್ನುವ ಕಂಪನಿಗಳು ಇವರೆಲ್ಲರ ಬಾಗಿಲು ತಟ್ಟುತ್ತಿವೆ. ಯಾರನ್ನು ನಂಬಬೇಕು ಎಂಬುದು ಇವರ ಪ್ರಶ್ನೆ. ಎರಡನೆಯ ಕಾರಣ ನಮ್ಮೆಲ್ಲರ ಮನೆಗೂ ಸಂಬಂಧಿಸಿದ್ದು. ಅಂಥದೇ ಒಂದು ಕಂಪನಿ ನಮ್ಮ ಸಂಘಕ್ಕೆ ಪತ್ರ ಬರೆದಿದೆ. ನಮ್ಮ ಹಬ್ಬಗಳ ಫೋಟೋ ಸಂಗ್ರಹವನ್ನು ಅವರಿಗೆ ಕೊಟ್ಟರೆ ಮುಂದಿನ ವರ್ಷದ ದೀಪಾವಳಿಯ ಸಭಾಂಗಣದ ಬಾಡಿಗೆ ಅವರದಂತೆ. ಬರುವ ಸರ್ವಸದಸ್ಯರ ಸಭೆಯಲ್ಲಿ ಇದು ತೀರ್ಮಾನವಾಗಬೇಕು. ದಿನವೂ ಒಪ್ಪಿಗೆಪತ್ರಕ್ಕೆ ಸಹಿ ಪಡೆಯುವುದೇ ಕೆಲಸವಾಗಿರುವ ವೈದ್ಯರು ಇದನ್ನು ಸ್ವಲ್ಪ ಬಿಡಿಸಿ ಹೇಳಲಿ ಎಂದು ಸಮಿತಿ ಬಯಸಿತು.

ಈ ಸರಕಿಗೆ ಮಾರುಕಟ್ಟೆಯವರು ಇಟ್ಟಿರುವ ಹೆಸರು ಯು.ಜಿ.ಸಿ. ನಮ್ಮಲ್ಲಿ ಊರಿನ ಕಾಲೇಜುಗಳಲ್ಲಿ ಪಾಠ ಹೇಳಿ ನಿವೃತ್ತರಾದ ಹಿರಿಯರಿದ್ದಾರೆ. ಯು.ಜಿ.ಸಿ. ಎಂದೊಡನೆ ಅವರಿಗೆ ಸಂಬಳದ ಸ್ಕೇಲು, ಬಾರದೆ ಉಳಿದ ಅರಿಯರ್ಸು ನೆನಪಾಗುತ್ತದೆ. ಇದು ಆ ಯು.ಜಿ.ಸಿ. ಅಲ್ಲ. ಯೂಸರ್ ಜನರೇಟೆಡ್ ಕಂಟೆಂಟ್, ಅಂದರೆ ಬಳಸುವವರೇ ಸೃಷ್ಟಿಸಿದ ಸಾಮಗ್ರಿ. ಕಂಪನಿಯ ನಟಿ ಸ್ಟುಡಿಯೋದಲ್ಲಿ ನಿಂತು ‘ಈ ಸೋಪು ಚೆನ್ನಾಗಿದೆ’ ಎನ್ನುವ ಬದಲು, ಪಕ್ಕದ ಮನೆಯ ಸುಮಿತ್ರಮ್ಮನಂಥವರು ತಮ್ಮ ಬಚ್ಚಲಮನೆಯಲ್ಲೇ ಫೋನ್ ಹಿಡಿದು ಅದೇ ಮಾತು ಹೇಳುವುದು. ಕೇಳುವವರಿಗೆ ಎರಡನೆಯದರಲ್ಲಿ ನಂಬಿಕೆ ಹೆಚ್ಚು. ನಂಜನಗೂಡು ಹಲ್ಲುಪುಡಿ ನಮ್ಮ ಅಜ್ಜಂದಿರ ಮನೆಗೆ ಬಂದದ್ದೂ ಬಹುಮಟ್ಟಿಗೆ ಹೀಗೆಯೇ. ನೆಂಟರ ಮನೆಯಲ್ಲಿ ಕಂಡು, ಹಲ್ಲುಜ್ಜಿ, ಮೆಚ್ಚಿ.

ಸಾಮಾನ್ಯರ ಮಾತನ್ನು ಜಾಹೀರಾತಾಗಿ ಬಳಸುವುದು ಹೊಸದೇನಲ್ಲ. ಈ ದೇಶದಲ್ಲಿ ಅದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಮಾಡಿದವರು ನಮ್ಮ ಕಸುಬಿನ ಅಂಚಿನಲ್ಲಿದ್ದ ಔಷಧ ಮಾರುವವರು. ಮ್ಯಾಸಚೂಸೆಟ್ಸ್‌ನ ಲಿನ್ ಎಂಬ ಊರಿನಲ್ಲಿ ಲಿಡಿಯಾ ಪಿಂಕ್‌ಹ್ಯಾಮ್ ಎಂಬಾಕೆ 1875ರಲ್ಲಿ ಹೆಂಗಸರ ಕಾಯಿಲೆಗಳಿಗೆಂದು ಬೇರುನಾರುಗಳ ಒಂದು ಕಷಾಯವನ್ನು ಮಾರತೊಡಗಿದಳು. ಅದರಲ್ಲಿ ಮದ್ಯಸಾರ ಧಾರಾಳವಾಗಿತ್ತು. ಗುಣ ಕಂಡೆವೆಂದು ಹೆಂಗಸರು ಬರೆದ ಪತ್ರಗಳು ಪತ್ರಿಕೆಗಳಲ್ಲಿ ಅಚ್ಚಾದವು. ‘ನಿಮ್ಮ ಕಷ್ಟವನ್ನು ಶ್ರೀಮತಿ ಪಿಂಕ್‌ಹ್ಯಾಮ್‌ಗೆ ಬರೆಯಿರಿ’ ಎಂಬ ಆಹ್ವಾನವೂ ಜೊತೆಗಿರುತ್ತಿತ್ತು. ಆಕೆ ತೀರಿಕೊಂಡದ್ದು 1883ರಲ್ಲಿ. ಆಮೇಲೂ ಆಹ್ವಾನ ನಿಲ್ಲಲಿಲ್ಲ. 1905ರಲ್ಲಿ ‘ಲೇಡೀಸ್ ಹೋಮ್ ಜರ್ನಲ್’ ಪತ್ರಿಕೆ ಆಕೆಯ ಸಮಾಧಿಯ ಕಲ್ಲಿನ ಚಿತ್ರವನ್ನೇ ಅಚ್ಚು ಹಾಕಿ, ಪತ್ರ ಓದುವವರು ಯಾರು ನೋಡಿ ಎಂದು ಕೇಳಿತು. ಮರುವರ್ಷ, 1906ರಲ್ಲಿ, ಆಹಾರ ಮತ್ತು ಔಷಧಗಳ ಶುದ್ಧತೆಯ ಕಾನೂನು ಬಂತು. ಮದ್ಯಸಾರ ಎಷ್ಟಿದೆ ಎಂದು ಶೀಸೆಯ ಮೇಲೆ ಬರೆಯುವುದು ಕಡ್ಡಾಯವಾಯಿತು.

ಈ ಕಥೆಯಲ್ಲಿ ನಮ್ಮ ಇಂದಿನ ಮೂರು ಪ್ರಶ್ನೆಗಳೂ ಇವೆ. ಮಾತನಾಡಿದವರು ನಿಜವಾಗಿಯೂ ಬಳಸಿದವರೇ? ತಮ್ಮ ಮಾತು ಎಲ್ಲಿಗೆ ಹೋಗುತ್ತದೆಂದು ಅವರಿಗೆ ಗೊತ್ತಿತ್ತೇ? ಹೇಳಲೇಬೇಕಾದ ಯಾವ ಸಂಗತಿಯನ್ನು ಹೇಳದೆ ಬಿಡಲಾಗಿದೆ? ಯಾವ ಕಂಪನಿಯನ್ನು ಆರಿಸುವಾಗಲೂ ಈ ಮೂರನ್ನು ಕೇಳಿದರೆ ಮುಕ್ಕಾಲುಪಾಲು ಕೆಲಸ ಮುಗಿದಂತೆ.

ಈಗ ಬಾಗಿಲು ತಟ್ಟುತ್ತಿರುವವರು ಯಾರು, ಯಾವ ಬಗೆಯವರು ಎಂಬುದನ್ನು ನೋಡೋಣ. ಪ್ಲಾಟ್‌ಫಾರ್ಮ್ ಎಂದು ಎಲ್ಲರೂ ಹೇಳಿಕೊಂಡರೂ ಇವರಲ್ಲಿ ಮೂರು ಜಾತಿಗಳಿವೆ.

ಮೊದಲನೆಯದು ಸಂತೆಯ ಹಾಗೆ. ಬಿಲ್ಲೊ, ಇನ್ಸೆನ್ಸ್ ಮುಂತಾದವು ಈ ಜಾತಿಯವು. ನಿಮಗೆ ಬೇಕಾದದ್ದನ್ನು ನೀವು ಬರೆದು ಹಾಕುತ್ತೀರಿ: ಸಾರಿನಪುಡಿ ಬಳಸಿ ಸಾರು ಮಾಡುವ ಮೂವತ್ತು ಸೆಕೆಂಡಿನ ವೀಡಿಯೋ ಬೇಕು, ಇಷ್ಟು ಹಣ. ಮಾಡಿಕೊಡುವವರು ಮುಂದೆ ಬರುತ್ತಾರೆ, ನೀವು ಒಂದು ಪೊಟ್ಟಣ ಕಳಿಸುತ್ತೀರಿ, ವೀಡಿಯೋ ಬರುತ್ತದೆ. ಚೊಕ್ಕ ವ್ಯವಹಾರ. ಆದರೆ ಒಂದು ತೊಡಕಿದೆ. ಇವರು ನಿಮ್ಮ ಗ್ರಾಹಕರಲ್ಲ, ಗ್ರಾಹಕರ ಹಾಗೆ ಮಾತನಾಡಲು ಕೂಲಿ ಪಡೆದವರು. ‘ಹತ್ತು ವರ್ಷದಿಂದ ನಮ್ಮ ಮನೆಯಲ್ಲಿ ಇದೇ ಪುಡಿ’ ಎಂದು ಅವರಿಂದ ಹೇಳಿಸಿದರೆ ಅದು ಸುಳ್ಳು. ಹೇಗೆ ಬಳಸುವುದೆಂದು ತೋರಿಸಲು ಇಂಥವರು ಸರಿ. ಅನುಭವ ಹೇಳಿಸಲು ಸಲ್ಲರು.

ಎರಡನೆಯದು, ನಿಮ್ಮ ಗ್ರಾಹಕರು ಈಗಾಗಲೇ ತಾವಾಗಿಯೇ ಹಾಕಿರುವ ಫೋಟೋಗಳನ್ನು ಹುಡುಕಿ, ಬಳಸಲು ಅನುಮತಿ ಕೇಳಿ, ಆ ಅನುಮತಿಯನ್ನು ದಾಖಲೆ ಮಾಡಿಡುವ ಜಾತಿ. ದೊಡ್ಡ ಕಂಪನಿಗಳು ಹೆಚ್ಚಾಗಿ ಹಿಡಿಯುವ ದಾರಿ ಇದು. ಇದರಲ್ಲಿ ಮಾತು ನಿಜವಾದ ಗ್ರಾಹಕರದು. ಆದರೆ ಅನುಮತಿ ಕೇಳುವ ರೀತಿಯನ್ನು ನೋಡಬೇಕು. ‘ಒಪ್ಪಿಗೆಯಾದರೆ ಈ ಪದವನ್ನು ಉತ್ತರವಾಗಿ ಬರೆಯಿರಿ’ ಎಂದು ಒಂದು ಸಾಲು. ಕೆಳಗೆ ಕರಾರಿನ ಪುಟಕ್ಕೆ ಒಂದು ಕೊಂಡಿ. ತನ್ನ ಫೋಟೋ ಕಂಪನಿಗೆ ಮೆಚ್ಚಿಗೆಯಾಯಿತೆಂಬ ಸಂತೋಷದಲ್ಲಿ ಹುಡುಗಿ ಆ ಪದ ಬರೆಯುತ್ತಾಳೆ. ಕೊಂಡಿ ಒತ್ತಿ ಓದುವವರು ವಿರಳ.

ಮೂರನೆಯದು, ಮಾದರಿ ಹಂಚಿ ವಿಮರ್ಶೆ ಬರೆಸುವ ಜಾತಿ. ಬಿಟ್ಟಿ ಸಾಮಾನು ಕಳಿಸುತ್ತಾರೆ, ಪಡೆದವರು ಅಭಿಪ್ರಾಯ ಬರೆಯುತ್ತಾರೆ. ಅಮೆಜಾನ್‌ನವರು 2007ರಿಂದ ‘ವೈನ್’ ಎಂಬ ಹೆಸರಿನಲ್ಲಿ ಇದನ್ನು ತಾವೇ ನಡೆಸುತ್ತಿದ್ದಾರೆ. ಅದರ ಹೊರಗೆ ಮಾರಾಟಗಾರರು ಬಿಟ್ಟಿ ಕೊಟ್ಟು ಬರೆಸುವ ವಿಮರ್ಶೆಗಳನ್ನು 2016ರ ಅಕ್ಟೋಬರ್‌ನಲ್ಲಿ ನಿಷೇಧಿಸಿದರು. ಬಿಟ್ಟಿ ಉಂಡವರು ಅಡಿಗೆಯನ್ನು ಬೈಯುವುದು ಕಷ್ಟವೆಂಬುದು ನಮಗೆಲ್ಲ ಮದುವೆಮನೆಗಳಿಂದ ಗೊತ್ತಿರುವ ಸತ್ಯ. ವೈದ್ಯರಿಗಂತೂ ಔಷಧ ಕಂಪನಿಯವರು ತಂದುಕೊಡುತ್ತಿದ್ದ ಪೆನ್ನು, ಊಟಗಳಿಂದಲೇ ಗೊತ್ತು.

ಈ ಮೂರೂ ಅಲ್ಲದೆ ನಾಲ್ಕನೆಯ ದಾರಿಯೊಂದಿದೆ. ಅದನ್ನು ಯಾರೂ ಮಾರಲು ಬರುವುದಿಲ್ಲ, ಏಕೆಂದರೆ ಅದಕ್ಕೆ ದುಡ್ಡಿಲ್ಲ. ಅದನ್ನು ಕೊನೆಗೆ ಹೇಳುತ್ತೇವೆ.

ಆರಿಸುವುದು ಹೇಗೆ? ಮಾರಲು ಬಂದವರು ಮೊದಲು ತೋರಿಸುವುದು ಸಂಖ್ಯೆಗಳನ್ನು: ತಿಂಗಳಿಗೆ ಇಷ್ಟು ವೀಡಿಯೋ, ಒಂದಕ್ಕೆ ಇಷ್ಟು ಡಾಲರ್. ಅದನ್ನು ಕೊನೆಗಿಡಿ ಎಂದು ನಮ್ಮ ಸಲಹೆ. ಏಕೆಂದು ತಿಳಿಯಲು ನಮ್ಮ ಆಸ್ಪತ್ರೆಗಳ ಕಡೆ ಸ್ವಲ್ಪ ಬರಬೇಕು.

ಎಂ.ಬಿ.ಬಿ.ಎಸ್. ಓದುವಾಗ ಊರಿನ ಸರ್ಕಾರಿ ಆಸ್ಪತ್ರೆಯ ವಾರ್ಡುಗಳಲ್ಲಿ ನಾವು ಕಂಡ ಒಪ್ಪಿಗೆಪತ್ರ ಬೇರೆಯೇ. ಆಪರೇಷನ್ನಿನ ಹಿಂದಿನ ರಾತ್ರಿ ಯಾರೋ ಒಬ್ಬರು ಅಚ್ಚಾದ ಕಾಗದ ಹಿಡಿದು ಬರುತ್ತಿದ್ದರು. ರೋಗಿಯ ಹೆಬ್ಬೆಟ್ಟಿಗೆ ಶಾಯಿ ಹಚ್ಚಿ, ಕಾಗದದ ಮೇಲೆ ಒತ್ತಿಸಿಕೊಂಡು ಹೋಗುತ್ತಿದ್ದರು. ಕಾಗದದಲ್ಲಿ ಏನಿದೆಯೆಂದು ರೋಗಿಯೂ ಕೇಳುತ್ತಿರಲಿಲ್ಲ, ತಂದವರೂ ಹೇಳುತ್ತಿರಲಿಲ್ಲ. ಈ ದೇಶಕ್ಕೆ ಬಂದು ರೆಸಿಡೆನ್ಸಿಗೆ ಸೇರಿದಾಗ ಹಿರಿಯ ವೈದ್ಯರು ಕಲಿಸಿದ ಪದ್ಧತಿ ಇನ್ನೊಂದು. ಏನು ಮಾಡುತ್ತೇವೆ, ಅದರಿಂದ ಏನು ಅಪಾಯ, ಬೇರೆ ದಾರಿ ಏನಿದೆ, ಬೇಡವೆಂದರೆ ಏನಾಗುತ್ತದೆ ಎಂದು ನಾಲ್ಕು ಮಾತು ಹೇಳಬೇಕು. ಆಮೇಲೆ, ‘ಈಗ ನಿಮಗೆ ಅರ್ಥವಾದದ್ದನ್ನು ನಿಮ್ಮ ಮಾತಿನಲ್ಲೇ ಹೇಳಿ’ ಎಂದು ಕೇಳಬೇಕು. ಸಹಿಯೇನಿದ್ದರೂ ಅದಾದ ಮೇಲೆ. ‘ತಿಳಿದು ಕೊಟ್ಟ ಒಪ್ಪಿಗೆ’ ಎಂಬ ಈ ಪದ ಅಮೆರಿಕದ ನ್ಯಾಯಾಲಯಗಳಲ್ಲಿ ಕಾಣಿಸಿಕೊಂಡದ್ದು 1957ರಲ್ಲಿ, ಕ್ಯಾಲಿಫೋರ್ನಿಯಾದ ಒಂದು ಮೊಕದ್ದಮೆಯಲ್ಲಿ.

ಗ್ರಾಹಕರ ಫೋಟೋ ಕೇಳುವ ಕಂಪನಿಗಳಲ್ಲಿಯೂ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರಿದ್ದಾರೆ, ಕೂತು ಹೇಳುವವರಿದ್ದಾರೆ. ಇವರನ್ನು ಬೇರೆ ಮಾಡುವುದೇ ಆಯ್ಕೆಯ ಗುಟ್ಟು. ಅದಕ್ಕೆ ಐದು ಪ್ರಶ್ನೆಗಳನ್ನು ನಿಮ್ಮ ಮುಂದಿಡುತ್ತೇವೆ.

ಒಂದು: ಹಕ್ಕು ಎಷ್ಟು, ಎಲ್ಲಿಗೆ, ಎಷ್ಟು ಕಾಲಕ್ಕೆ? ಕರಾರಿನಲ್ಲಿ ‘ಶಾಶ್ವತವಾಗಿ, ಜಗತ್ತಿನಾದ್ಯಂತ, ಎಲ್ಲ ಮಾಧ್ಯಮಗಳಲ್ಲಿ, ಬದಲಿಸಿ ಬಳಸುವ, ಬೇರೆಯವರಿಗೆ ವಹಿಸಿಕೊಡುವ, ಹಿಂತೆಗೆದುಕೊಳ್ಳಲಾಗದ ಹಕ್ಕು’ ಎಂಬ ಸಾಲು ಕಂಡರೆ ಅಲ್ಲೇ ನಿಲ್ಲಿ. ಮನೆ ಬಾಡಿಗೆಗೆ ಕೊಡುವಾಗ ಹನ್ನೊಂದು ತಿಂಗಳ ಕರಾರು ಬರೆಸುವ ನಾವು, ಮಗಳ ಮುಖವನ್ನು ಶಾಶ್ವತವಾಗಿ ಬರೆದುಕೊಡುವುದುಂಟೆ? ಒಂದು ವರ್ಷಕ್ಕೆ, ನಿಮ್ಮ ಅಂಗಡಿಯ ಪುಟ ಮತ್ತು ಕರಪತ್ರಕ್ಕೆ ಮಾತ್ರ ಎಂದು ಬರೆಯಲು ಬಿಡುವ ಕಂಪನಿಗಳನ್ನು ಹುಡುಕಿ. ಕೃತಕ ಬುದ್ಧಿಮತ್ತೆಯ ಯಂತ್ರಗಳನ್ನು ಕಲಿಸಲು ಚಿತ್ರ ಬಳಸುತ್ತಾರೆಯೇ ಎಂದೂ ಕೇಳಿ. ಬೇಡವೆಂದರೆ ಕರಾರಿನಲ್ಲೇ ಬರೆಸಿ.

ಎರಡು: ಚಿತ್ರ ತೆಗೆದವರ ಜೊತೆಗೆ ಚಿತ್ರದಲ್ಲಿರುವವರನ್ನೂ ಕೇಳಿದ್ದಾರೆಯೇ? ಈ ಎರಡು ಹಕ್ಕುಗಳು ಬೇರೆ ಬೇರೆ ಎಂಬುದು ಬಹಳ ಮಂದಿಗೆ ತಿಳಿಯದು. ಟೆಕ್ಸಸ್‌ನ ಡಲ್ಲಾಸ್ ಕಡೆಯ ಒಬ್ಬ ಶಾಲಾ ಹುಡುಗಿಯ ಚಿತ್ರವನ್ನು ಆಕೆಯ ಚರ್ಚಿನ ಬಳಗದ ಒಬ್ಬರು ತೆಗೆದು ಫ್ಲಿಕರ್‌ನಲ್ಲಿ ಹಾಕಿದ್ದರು. ಹೆಸರು ಹೇಳಿದರೆ ಯಾರು ಬೇಕಾದರೂ ವ್ಯಾಪಾರಕ್ಕೂ ಬಳಸಬಹುದೆಂಬ ಗುರುತು ಅದಕ್ಕಿತ್ತು. 2007ರಲ್ಲಿ ಆ ಚಿತ್ರ ಆಸ್ಟ್ರೇಲಿಯಾದ ಅಡಿಲೇಡ್ ನಗರದ ಬಸ್ ನಿಲ್ದಾಣದಲ್ಲಿ ವರ್ಜಿನ್ ಮೊಬೈಲ್‌ನ ಜಾಹೀರಾತಾಗಿ, ಆಕೆಯನ್ನು ಗೇಲಿ ಮಾಡುವಂಥ ಮಾತಿನೊಡನೆ, ನಿಂತಿತ್ತು. ತೆಗೆದವರ ಅನುಮತಿ ಇತ್ತು. ಹುಡುಗಿಗೆ ಸುದ್ದಿಯೇ ಇರಲಿಲ್ಲ. ಮನೆಯವರು ಟೆಕ್ಸಸ್‌ನಲ್ಲಿ ದಾವೆ ಹೂಡಿದರು. ಆಸ್ಟ್ರೇಲಿಯಾದ ಕಂಪನಿ ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು 2009ರಲ್ಲಿ ನ್ಯಾಯಾಲಯ ಅದನ್ನು ವಜಾ ಮಾಡಿತು. ಮುಖ ಸಮುದ್ರ ದಾಟಿತು, ನ್ಯಾಯ ದಾಟಲಿಲ್ಲ.

ನಮ್ಮ ಇಲಿನಾಯ್‌ನಲ್ಲಿ ಒಬ್ಬರ ಗುರುತನ್ನು ವ್ಯಾಪಾರಕ್ಕೆ ಬಳಸಬೇಕಾದರೆ ಮೊದಲೇ ಲಿಖಿತ ಒಪ್ಪಿಗೆ ಬೇಕೆಂಬ ಕಾನೂನು 1999ರ ಜನವರಿಯಿಂದಲೇ ಇದೆ. ಮುಖದ ಅಳತೆಗಳನ್ನು ಯಂತ್ರದಿಂದ ತೆಗೆದು ಇಟ್ಟುಕೊಳ್ಳುವ ಮೊದಲು ಲಿಖಿತ ಒಪ್ಪಿಗೆ ಪಡೆಯಬೇಕೆಂಬ ಕಾನೂನು 2008ರಲ್ಲಿ ಬಂತು. ಅದರ ಕೆಳಗೇ ಫೇಸ್‌ಬುಕ್ 65 ಕೋಟಿ ಡಾಲರ್ ಕಟ್ಟಬೇಕಾಯಿತು. 2021ರಲ್ಲಿ ನ್ಯಾಯಾಲಯ ಆ ರಾಜಿಗೆ ಒಪ್ಪಿಗೆ ಕೊಟ್ಟಿತು. ನಿಮ್ಮಲ್ಲಿ ಕೆಲವರಿಗೆ 2022ರಲ್ಲಿ ಸುಮಾರು ನಾನೂರು ಡಾಲರಿನ ಚೆಕ್ಕು ಬಂದದ್ದು ನೆನಪಿರಬಹುದು. ಅದು ಲಾಟರಿಯಲ್ಲ, ನಿಮ್ಮ ಮುಖದ ಬಾಕಿ.

ಮೂರು: ಹಣ, ನೆಂಟಸ್ತನ, ಬಿಟ್ಟಿ ಪೊಟ್ಟಣಗಳನ್ನು ನೋಡುಗರಿಗೆ ಹೇಳುವ ವ್ಯವಸ್ಥೆ ಇದೆಯೇ? ಫೆಡರಲ್ ಟ್ರೇಡ್ ಕಮಿಷನ್‌ನ ಮಾರ್ಗಸೂಚಿ 1980ರಿಂದಲೇ ಇದೆ; 2023ರಲ್ಲಿ ಅದನ್ನು ಮತ್ತೆ ತಿದ್ದಿದರು. ಹೇಳುವವರಿಗೂ ಮಾರುವವರಿಗೂ ಇರುವ ಸಂಬಂಧ ನೋಡುಗರ ತೀರ್ಮಾನವನ್ನು ಬದಲಿಸಬಹುದಾದರೆ ಅದನ್ನು ಸ್ಪಷ್ಟವಾಗಿ ಹೇಳಬೇಕೆಂಬುದು ಅದರ ಸಾರ. ಸುಳ್ಳು ವಿಮರ್ಶೆಗಳ ವಿರುದ್ಧ ಪ್ರತ್ಯೇಕ ನಿಯಮವೇ 2024ರ ಅಕ್ಟೋಬರ್ 21ರಿಂದ ಜಾರಿಗೆ ಬಂದಿದೆ. ಇಲ್ಲದ ಗ್ರಾಹಕರ ಹೆಸರಿನಲ್ಲಿ ಬರೆಸುವುದು, ಯಂತ್ರದಿಂದ ಬರೆಸುವುದು, ಹೊಗಳಿದರೆ ಮಾತ್ರ ಹಣ ಎನ್ನುವುದು, ಮನೆಯವರು ಮತ್ತು ನೌಕರರ ಕೈಲಿ ಸಂಬಂಧ ಮುಚ್ಚಿಟ್ಟು ಬರೆಸುವುದು, ಟೀಕಿಸಿದವರನ್ನು ಹೆದರಿಸಿ ಅಳಿಸುವುದು, ಇವೆಲ್ಲ ಅದರಲ್ಲಿ ಸೇರಿವೆ. ಜಾರಿಗೆ ಬಂದ ವರ್ಷ ಒಂದೊಂದು ಉಲ್ಲಂಘನೆಗೆ ವಿಧಿಸಬಹುದಾಗಿದ್ದ ದಂಡ 51,744 ಡಾಲರುಗಳವರೆಗೆ ಇತ್ತು.

ನಮ್ಮಲ್ಲಿ ಅಂಗಡಿ ತೆರೆದ ದಿನವೇ ಷಡ್ಡಕ, ನಾದಿನಿ, ಸೋದರತ್ತೆಯ ಮಗ ಎಲ್ಲರೂ ಐದು ನಕ್ಷತ್ರ ಒತ್ತುವುದು ಪ್ರೀತಿಯ ಕುರುಹು. ಆ ಪ್ರೀತಿಗೆ ಇಲ್ಲಿ ದಂಡವಿದೆ ಎಂಬುದನ್ನು ದಯವಿಟ್ಟು ಮನೆಯವರಿಗೆ ತಿಳಿಸಿ. ಹಾಗೆಯೇ ಕೆಟ್ಟ ಮಾತುಗಳನ್ನು ಮುಚ್ಚಿಡುವುದಕ್ಕೂ ಬೆಲೆ ತೆರಬೇಕಾಗುತ್ತದೆ. ಫ್ಯಾಷನ್ ನೋವಾ ಎಂಬ ಬಟ್ಟೆಯ ಕಂಪನಿ ನಾಲ್ಕಕ್ಕಿಂತ ಕಡಿಮೆ ನಕ್ಷತ್ರದ ವಿಮರ್ಶೆಗಳನ್ನು ಪ್ರಕಟಿಸದೆ ತಡೆಹಿಡಿದಿತ್ತು ಎಂದು ಕಮಿಷನ್ ಆರೋಪಿಸಿತು. 2022ರಲ್ಲಿ ಕಂಪನಿ 42 ಲಕ್ಷ ಡಾಲರ್ ಕೊಡಲು ಒಪ್ಪಿತು. ‘ಒಳ್ಳೆಯದನ್ನು ಮಾತ್ರ ತೋರಿಸುವ ಗುಂಡಿ ನಮ್ಮಲ್ಲಿದೆ’ ಎಂದು ಯಾವ ಕಂಪನಿಯಾದರೂ ಹೆಮ್ಮೆಯಿಂದ ಹೇಳಿದರೆ, ಆ ಗುಂಡಿ ಒತ್ತಿದ್ದಕ್ಕೆ ಉತ್ತರ ಕೊಡಬೇಕಾದವರು ನೀವೇ ಎಂಬುದು ನೆನಪಿರಲಿ.

ನಾಲ್ಕು: ಹಿಂದೆ ಕೇಳುವ ಹಾಡು ಯಾರದು? ಇದು ನಮ್ಮವರನ್ನು ಬೇಗ ಸಿಕ್ಕಿಸುವ ಬಲೆ. ಮೈಸೂರು ಪಾಕಿನ ವೀಡಿಯೋ ಎಂದರೆ ಹಿಂದೆ ಹಳೆಯ ಚಿತ್ರಗೀತೆ ಇರಲೇಬೇಕು ನಮಗೆ. ಮನೆಯ ಮಂದಿಗೆ ಕಳಿಸುವ ವೀಡಿಯೋ ಬೇರೆ, ಮಾರಾಟದ ವೀಡಿಯೋ ಬೇರೆ. ಬ್ಯಾಂಗ್ ಎಂಬ ಪಾನೀಯದ ಕಂಪನಿ ಟಿಕ್‌ಟಾಕ್ ಜಾಹೀರಾತುಗಳಲ್ಲಿ ಜನಪ್ರಿಯ ಹಾಡುಗಳನ್ನು ಅನುಮತಿಯಿಲ್ಲದೆ ಬಳಸಿತೆಂದು 2021ರಲ್ಲಿ ಯೂನಿವರ್ಸಲ್ ಮ್ಯೂಸಿಕ್‌ನವರು ದಾವೆ ಹೂಡಿದರು. ಕಂಪನಿಯ ವೀಡಿಯೋಗಳು ಹಕ್ಕುಸ್ವಾಮ್ಯವನ್ನು ಉಲ್ಲಂಘಿಸಿವೆ ಎಂದು 2022ರಲ್ಲಿ ನ್ಯಾಯಾಲಯ ಹೇಳಿತು. ಹಾಡಿನ ಅನುಮತಿ ಯಾರ ಹೊಣೆ ಎಂದು ಮೊದಲೇ ಬರಹದಲ್ಲಿ ಪಡೆಯಿರಿ.

ಐದು: ಬೇಡವೆಂದ ದಿನ ತೆಗೆಯುತ್ತಾರೆಯೇ? ಆಸ್ಪತ್ರೆಯಲ್ಲಿ ರೋಗಿ ಅರಿವಳಿಕೆ ಕೊಡುವ ಕ್ಷಣದವರೆಗೂ ‘ಬೇಡ’ ಎನ್ನಬಹುದು. ಫೋಟೋ ಕೊಟ್ಟವರಿಗೂ ಅಂಥ ಬಾಗಿಲು ಬೇಕು. ಯಾರಿಗೆ ಬರೆಯಬೇಕು, ಎಷ್ಟು ದಿನದೊಳಗೆ ತೆಗೆಯುತ್ತಾರೆ, ನೀವು ಆ ಕಂಪನಿಯನ್ನು ಬಿಟ್ಟ ಮೇಲೆ ಚಿತ್ರಗಳು ಯಾರ ಬಳಿ ಉಳಿಯುತ್ತವೆ, ಯಾರು ಯಾವಾಗ ಒಪ್ಪಿದರೆಂಬ ದಾಖಲೆ ನಿಮ್ಮ ಕೈಗೆ ಸಿಗುತ್ತದೆಯೇ, ಇವನ್ನೆಲ್ಲ ಕೇಳಿ. ಈ ಐದಕ್ಕೂ ನೇರ ಉತ್ತರ ಕೊಟ್ಟವರೊಡನೆ ಮಾತ್ರ ಆರನೆಯದಾದ ಬೆಲೆಯ ಮಾತಾಡಿ. ಅಲ್ಲಿಯೂ ವರ್ಷದ ಕರಾರು ತಾನಾಗಿ ಮುಂದುವರಿಯುವ ಷರತ್ತು ಇದೆಯೇ ಎಂದು ಕನ್ನಡಕ ಹಾಕಿಕೊಂಡು ನೋಡಿ.

ವೈದ್ಯ ಮಿತ್ರರಿಗೆ ಬೇರೆಯಾಗಿ ಒಂದು ಮಾತು. ‘ನಮ್ಮ ರೋಗಿಗಳೇ ಹೊಗಳುತ್ತಾರೆ, ಹಾಕಿಕೊಂಡರೇನು’ ಎಂದು ಎಷ್ಟೋ ಕ್ಲಿನಿಕ್ಕುಗಳವರು ಕೇಳುತ್ತಾರೆ. 1996ರ ಹಿಪಾ ಕಾನೂನಿನ ಗೋಪ್ಯತೆಯ ನಿಯಮದಂತೆ ರೋಗಿಯ ಲಿಖಿತ ಅನುಮತಿಯಿಲ್ಲದೆ ಅವರ ಮಾತು, ಹೆಸರು, ಮುಖಗಳನ್ನು ಪ್ರಚಾರಕ್ಕೆ ಬಳಸುವಂತಿಲ್ಲ. ಲಾಸ್ ಏಂಜಲೀಸ್‌ನ ಒಂದು ಫಿಸಿಕಲ್ ಥೆರಪಿ ಕೇಂದ್ರ ಹಾಗೆ ಬಳಸಿದ್ದಕ್ಕೆ 2016ರಲ್ಲಿ 25,000 ಡಾಲರ್ ತೆತ್ತಿತು. ಡಲ್ಲಾಸ್‌ನ ಒಂದು ದಂತ ಚಿಕಿತ್ಸಾಲಯ ತನ್ನ ಬಗ್ಗೆ ಬಂದ ವಿಮರ್ಶೆಗೆ ಉತ್ತರ ಬರೆಯುವಾಗ ರೋಗಿಯ ವಿವರಗಳನ್ನು ಬಯಲು ಮಾಡಿದ್ದಕ್ಕೆ 2019ರಲ್ಲಿ 10,000 ಡಾಲರ್ ಕಟ್ಟಿತು. ಬೈದವರಿಗೆ ಉತ್ತರ ಕೊಡುವ ಆಸೆ ಯಾರಿಗಿಲ್ಲ? ಆದರೆ ‘ಇವರು ನಮ್ಮ ರೋಗಿ’ ಎಂದು ಒಪ್ಪಿಕೊಳ್ಳುವುದೇ ಗುಟ್ಟು ಒಡೆದಂತೆ. ಕಾನೂನನ್ನು ಬದಿಗಿಟ್ಟರೂ, ನಾಳೆ ತನ್ನ ನೋವಿಗೆ ಔಷಧ ಬರೆಯಬೇಕಾದ ಡಾಕ್ಟರು ‘ಎರಡು ಮಾತು ಹೇಳಿ’ ಎಂದರೆ ರೋಗಿ ಇಲ್ಲವೆನ್ನುವುದು ಹೇಗೆ? ಇಲ್ಲವೆನ್ನುವ ಸ್ವಾತಂತ್ರ್ಯವಿಲ್ಲದ ಕಡೆ ಒಪ್ಪಿಗೆಯೂ ಇಲ್ಲ. ನಮ್ಮ ಕಸುಬಿನವರು ಈ ಸಂತೆಗೆ ಹೋಗದಿರುವುದೇ ಲೇಸು.

ಇನ್ನು ಮಕ್ಕಳ ವಿಷಯ. ಗೋಕುಲಾಷ್ಟಮಿಯ ಕೃಷ್ಣವೇಷ, ರಾಜ್ಯೋತ್ಸವದ ಕೋಲಾಟ, ಸಂಕ್ರಾಂತಿಯ ಎಳ್ಳು ಬೆಲ್ಲದ ತಟ್ಟೆ ಹಿಡಿದ ಪುಟ್ಟ ಲಂಗದ ಹುಡುಗಿ, ಇಂಥ ಚಿತ್ರಗಳಿಗಿರುವ ಆಕರ್ಷಣೆ ಮಾರುವವರಿಗೆ ಚೆನ್ನಾಗಿ ಗೊತ್ತು. ಮಗು ಒಪ್ಪುವ ವಯಸ್ಸಿನಲ್ಲಿರುವುದಿಲ್ಲ. ಅದರ ಪರವಾಗಿ ಒಪ್ಪುವವರು ನಾವು. ಆದರೆ ಆ ಚಿತ್ರದೊಡನೆ ಬಾಳಬೇಕಾದದ್ದು ಮಗು. ಮಕ್ಕಳನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿ ಸಂಪಾದಿಸುವ ತಂದೆತಾಯಿಗಳು ಆ ಹಣದಲ್ಲಿ ಒಂದು ಪಾಲನ್ನು ಮಗುವಿನ ಹೆಸರಿನಲ್ಲಿ ಕಾದಿಡಬೇಕೆಂಬ ಕಾನೂನು 2024ರ ಜುಲೈ 1ರಿಂದ ನಮ್ಮ ಇಲಿನಾಯ್‌ನಲ್ಲಿ ಜಾರಿಯಲ್ಲಿದೆ. ಇಂಥ ಕಾನೂನನ್ನು ಈ ದೇಶದಲ್ಲಿ ಮೊದಲು ಮಾಡಿದ ರಾಜ್ಯ ನಮ್ಮದು. ಹದಿನಾರರೊಳಗಿನ ಮಕ್ಕಳಿಗೆ ಅದು ಅನ್ವಯಿಸುತ್ತದೆ. ಮಗುವಿನ ಮುಖವೂ ಮಗುವಿನ ಆಸ್ತಿಯೇ ಎಂಬ ಭಾವನೆ ಅದರ ಹಿಂದಿದೆ. ಅಜ್ಜಿಯ ಒಡವೆಯನ್ನು ಮೊಮ್ಮಗಳಿಗೆಂದು ಜೋಪಾನ ಮಾಡುವ ನಮಗೆ ಇದು ಹೊಸ ಪಾಠವಾಗಬೇಕಾಗಿಲ್ಲ.

ಈಗ ಸಂಘಕ್ಕೆ ಬಂದ ಪತ್ರಕ್ಕೆ ಬರೋಣ. ಸಭಾಂಗಣದ ಬಾಡಿಗೆ ಸಣ್ಣ ಮೊತ್ತವಲ್ಲ. ಖಜಾಂಚಿಗಳು ಪ್ರತಿ ವರ್ಷ ಎಷ್ಟು ಮನೆಗಳಿಗೆ ಫೋನ್ ಮಾಡಿ ಎಷ್ಟು ಸಲ ‘ನೋಡೋಣ’ ಎಂಬ ಉತ್ತರ ಕೇಳುತ್ತಾರೆಂಬುದು ನಮಗೂ ಗೊತ್ತು. ಪತ್ರ ಬರೆದವರನ್ನು ದೂರುವುದೂ ನಮ್ಮ ಉದ್ದೇಶವಲ್ಲ. ಅವರು ತಮ್ಮ ವ್ಯಾಪಾರ ಮಾಡುತ್ತಿದ್ದಾರೆ. ಆದರೆ ಅವರ ಕರಾರಿನ ಮೂರನೆಯ ಪುಟದಲ್ಲಿ, ಶಾಶ್ವತವಾಗಿ, ಜಗತ್ತಿನಾದ್ಯಂತ, ಬೇರೆಯವರಿಗೆ ವಹಿಸಿಕೊಡುವ ಹಕ್ಕಿನೊಡನೆ ಎಂಬ ಸಾಲು ಇದೆ. ನಮ್ಮ ಸಂಗ್ರಹದಲ್ಲಿರುವುದು ಯಾರ ಮುಖಗಳು? ಈಗ ಕಾಲೇಜಿಗೆ ಹೋಗಿರುವ, ಆಗ ಪುಟ್ಟವರಾಗಿದ್ದ ಮಕ್ಕಳು. ಆರು ತಿಂಗಳಿಗೆಂದು ಬಂದು ಹೋದ ಹಿರಿಯರು. ನಮ್ಮನ್ನಗಲಿದವರು. ಸಂಸಾರ ಬೇರೆಯಾಗಿ, ಹಳೆಯ ಚಿತ್ರ ಯಾರ ಕಣ್ಣಿಗೂ ಬೀಳದಿರಲಿ ಎಂದು ಬಯಸುವವರೂ ಇರಬಹುದು. ಸಂಘದ ಕ್ಯಾಮೆರಾದ ಕಡೆ ನೋಡಿ ನಕ್ಕಾಗ ಅವರೆಲ್ಲ ಸ್ಮರಣ ಸಂಚಿಕೆಗೆಂದು ನಕ್ಕರು. ಯಾವುದೋ ಇನ್‌ಶೂರೆನ್ಸ್ ಕಂಪನಿಗೋ ಮಸಾಲೆ ಪೊಟ್ಟಣಕ್ಕೋ ಎಂದು ನಗಲಿಲ್ಲ. ತಮ್ಮದಲ್ಲದ ಒಡವೆಯನ್ನು ಅಡವಿಡುವ ಅಧಿಕಾರ ಸಮಿತಿಗೂ ಇಲ್ಲ, ಸರ್ವಸದಸ್ಯರ ಸಭೆಯ ಬಹುಮತಕ್ಕೂ ಇಲ್ಲ ಎಂದು ನಮ್ಮ ಅಭಿಪ್ರಾಯ. ಕೈ ಎತ್ತಿ ತೀರ್ಮಾನಿಸುವ ವಿಷಯಗಳು ಬೇರೆ. ಒಬ್ಬೊಬ್ಬರನ್ನೇ ಕೇಳಬೇಕಾದ ವಿಷಯಗಳು ಬೇರೆ.

ಹಾಗೆಂದು ಬಾಗಿಲು ಮುಚ್ಚಬೇಕಾಗಿಲ್ಲ. ಅದೇ ಕಂಪನಿ ಸ್ಮರಣ ಸಂಚಿಕೆಯಲ್ಲಿ ಒಂದು ಪುಟದ ಜಾಹೀರಾತು ಕೊಡಲಿ, ವೇದಿಕೆಯ ಪಕ್ಕದಲ್ಲಿ ತನ್ನ ಬ್ಯಾನರ್ ಕಟ್ಟಲಿ. ಸಂತೋಷದಿಂದ ಧನ್ಯವಾದ ಹೇಳೋಣ. ಸಂಘಕ್ಕೆ ನಾವು ಎರಡು ಸಲಹೆ ಕೊಡುತ್ತೇವೆ. ಮುಂದಿನ ಹಬ್ಬದಿಂದ ಬಾಗಿಲಲ್ಲಿ ಹೆಸರು ಬರೆಸುವಾಗಲೇ ಒಂದು ಸಣ್ಣ ಕಾಗದವಿರಲಿ. ಚಿತ್ರ ತೆಗೆಯಬಹುದೇ, ಸ್ಮರಣ ಸಂಚಿಕೆಯಲ್ಲಿ ಹಾಕಬಹುದೇ, ಸಂಘದ ಪುಟದಲ್ಲಿ ಹಾಕಬಹುದೇ ಎಂಬ ಮೂರು ಪ್ರಶ್ನೆ ಅದರಲ್ಲಿರಲಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಬೇಡವೆಂದವರ ಹೆಸರಿನ ಚೀಟಿಗೆ ಒಂದು ಹಳದಿ ಚುಕ್ಕೆ ಅಂಟಿಸಿದರೆ ಫೋಟೋ ತೆಗೆಯುವ ಹುಡುಗರಿಗೂ ಸುಲಭ. ಹಳೆಯ ಸಂಗ್ರಹಕ್ಕೆ ಬೀಗ ಹಾಕಿ, ಬೀಗದ ಕೈ ಇಬ್ಬರು ಪದಾಧಿಕಾರಿಗಳ ಬಳಿ ಇರಲಿ. ತಮ್ಮ ಚಿತ್ರ ಬೇಕೆಂದವರಿಗೆ ಕೊಡಲಿ, ಬೇಡವೆಂದವರದ್ದನ್ನು ತೆಗೆಯಲಿ.

ಇನ್ನು ಮೊದಲು ಹೇಳಿ ಬಿಟ್ಟಿದ್ದ ನಾಲ್ಕನೆಯ ದಾರಿ. ಇನ್ನೂರು ಮುನ್ನೂರು ಗ್ರಾಹಕರಿರುವ ಚಟ್ನಿಪುಡಿಯ ಸೋದರಿಗೆ ಯಾವ ಪ್ಲಾಟ್‌ಫಾರ್ಮೂ ಬೇಡ ಎಂಬುದು ನಮ್ಮ ತಿಳುವಳಿಕೆ. ವರ್ಷಗಟ್ಟಲೆ ಪುಡಿ ಕೊಳ್ಳುತ್ತಿರುವ ಹತ್ತು ಮಂದಿಗೆ ತಾವೇ ಫೋನ್ ಮಾಡಲಿ. ‘ಅಕ್ಕಾ, ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಬಳಸುತ್ತೀರಿ, ಎರಡು ಮಾತು ಹೇಳುತ್ತೀರಾ? ನಮ್ಮ ಪುಟದಲ್ಲಿ ಒಂದು ವರ್ಷ ಇರುತ್ತದೆ, ಬೇಡವೆಂದ ದಿನ ತೆಗೆಯುತ್ತೇವೆ, ಇಲ್ಲವೆಂದರೂ ಬೇಸರವಿಲ್ಲ’ ಎಂದು ಕೇಳಲಿ. ಹೌದೆಂದವರಿಗೆ ಒಂದು ಪುಟದ ಕಾಗದ ಕಳಿಸಿ ಸಹಿ ಪಡೆಯಲಿ. ಧನ್ಯವಾದಕ್ಕೆಂದು ಪೊಟ್ಟಣ ಕೊಟ್ಟರೆ ಕೊಟ್ಟೆವೆಂದು ಅಲ್ಲೇ ಬರೆಯಲಿ. ಖಾರ ಜಾಸ್ತಿ ಎಂದವರ ಮಾತನ್ನೂ ಬಿಡದೆ ಹಾಕಲಿ. ಖಾರ ಬೇಕಾದವರು ಅದನ್ನು ಓದಿಯೇ ಕೊಳ್ಳುತ್ತಾರೆ! ದೇಶದ ಎಲ್ಲ ಮೂಲೆಗೂ ಮಾರುವಷ್ಟು ಬೆಳೆದು, ಗ್ರಾಹಕರು ಸಾವಿರಾರು ಮಂದಿಯಾಗಿ, ಯಾರು ಯಾವುದಕ್ಕೆ ಒಪ್ಪಿದರೆಂದು ಕೈಪುಸ್ತಕದಲ್ಲಿ ಬರೆದಿಡಲು ಆಗದ ದಿನ ಎರಡನೆಯ ಜಾತಿಯ ಕಂಪನಿಗೆ ಹೋಗಬಹುದು. ಆಗಲೂ ಅದು ಮಾಡಬೇಕಾದದ್ದು ಈ ಫೋನಿನಲ್ಲಿ ಮಾಡಿದ ಕೆಲಸವನ್ನೇ. ಮಾಡುತ್ತದೆಯೇ ಎಂದು ಅಳೆಯಲು ಆಗ ನಿಮ್ಮ ಕೈಯಲ್ಲಿ ಅಳತೆಗೋಲು ಇರುತ್ತದೆ.

ಬಂಧುಗಳೆ, ಪರದೇಶದಲ್ಲಿ ನಮಗೆ ಮೊದಲು ದೊರೆತ ಆಸರೆ ಬಾಯಿಮಾತು. ಯಾವ ಅಂಗಡಿಯಲ್ಲಿ ಒಳ್ಳೆಯ ತೊಗರಿಬೇಳೆ ಸಿಗುತ್ತದೆ, ಯಾವ ಡಾಕ್ಟರು ಅಮ್ಮನ ಜೊತೆ ಕನ್ನಡದಲ್ಲಿ ಮಾತಾಡುತ್ತಾರೆ, ಯಾವ ವಕೀಲರು ವೀಸಾದ ಕಾಗದ ಸರಿಯಾಗಿ ತುಂಬುತ್ತಾರೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡೇ ನಾವು ಇಲ್ಲಿ ನೆಲೆಯೂರಿದೆವು. ಹೇಳಿದವರಿಗೆ ಅದರಿಂದ ಲಾಭವಿಲ್ಲವೆಂದು ಗೊತ್ತಿದ್ದುದರಿಂದಲೇ ಆ ಮಾತನ್ನು ನಂಬಿದೆವು. ಮುಂದೆ ಹೊಸದಾಗಿ ವಿಮಾನ ಇಳಿದು ಬರುವ ಸಂಸಾರ ನಮ್ಮ ಮಾತನ್ನು ಹಾಗೆಯೇ ನಂಬುವಂತಿರಬೇಕು. ವ್ಯಾಪಾರ ಮಾಡೋಣ, ಬೆಳೆಯೋಣ, ನಮ್ಮ ಪುಡಿ, ಸೀರೆ, ನೃತ್ಯಗಳು ಈ ದೇಶದ ಮನೆಮನೆಗೂ ಹೋಗಲಿ. ಕೇಳಿ ಪಡೆದ ಮಾತಿನಿಂದ, ಕೇಳಿ ಪಡೆದ ಚಿತ್ರದಿಂದ ಹೋಗಲಿ.

ಊಟಕ್ಕೆ ತಡವಾಯಿತೆಂದು ಅಡಿಗೆಮನೆಯಿಂದ ಸನ್ನೆ ಬರುತ್ತಿದೆ. ಹೋಳಿಗೆಯ ಬಗ್ಗೆ ವೈದ್ಯರಾಗಿ ನಾವು ಇವತ್ತು ಏನೂ ಹೇಳುವುದಿಲ್ಲ.  ಸಂಘವು ನೂರ್ಕಾಲ ಬಾಳಲಿ.